ಗೇಟಿನೆದುರು ಕುರ್ಚಿ ಹಾಕಿದವಳು

ಕೆಂಡ್ರಾ ಸ್ಲೋನ್ ವರ್ಡಿ ಹಾಲ್ಕಮ್‌ಳನ್ನು ಮೊದಲು ಕಂಡಿದ್ದು ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ಶಾಲೆಯ ಪಡಸಾಲೆಯಲ್ಲಿ. ಕೆಂಡ್ರಾಗೆ ಅದು ಕೆಲಸದ ಮೊದಲ ವಾರ. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು, ತೋಳಿನಲ್ಲಿ ಹೊರಲಾರದಷ್ಟು ಪುಸ್ತಕ. ಅಡುಗೆಮನೆಯ ಬಾಗಿಲ ಪಕ್ಕ, ಕಿಟಕಿಯ ಬೆಳಕು ಬೀಳುವ ಕಡೆ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಉದ್ದ ಕಾಲಿನ ಮುದುಕಿಯೊಬ್ಬಳು ಮಂಡಿ ಎದೆಗೆ ತಾಗುವಂತೆ ಕೂತಿದ್ದಳು. ಮೈಮೇಲೆ ಗಂಡಸರ ನೀಲಿ ಅಂಗಿ. ಮಡಿಲಲ್ಲಿ ಅಂಚಿನ ಚಕ್ಕೆ ಎದ್ದ ಪಿಂಗಾಣಿ ಬೋಗುಣಿ, ಅದರ ತುಂಬ ಹುರುಳಿಕಾಯಿ. ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಒಂದು ಹುಡುಗಿ ಪುಸ್ತಕ ಓದುತ್ತಿತ್ತು.

ಮುದುಕಿ ಹುಡುಗಿಯ ಕಡೆ ನೋಡುತ್ತಲೇ ಇರಲಿಲ್ಲ. ಕಾಯಿಯ ನಾರು ಎಳೆಯುವುದು, ಲಟಕ್ಕನೆ ಮುರಿಯುವುದು, ಬೋಗುಣಿಗೆ ಹಾಕುವುದು. ಹುಡುಗಿ ಒಂದು ಪದದ ಮೇಲೆ ಎಡವಿ ನಿಂತಿತು. ಮುದುಕಿಯ ಬೆರಳೂ ಅಲ್ಲೇ ನಿಂತವು, ಅರ್ಧ ಎಳೆದ ನಾರಿನ ಸಮೇತ. ಹೇಳಿಕೊಡಲಿಲ್ಲ, ತಲೆ ಎತ್ತಲಿಲ್ಲ. ಕೆಂಡ್ರಾಗೇ ಆ ಪದ ಹೇಳಿಬಿಡಬೇಕು ಅನ್ನಿಸಿ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ಪದವನ್ನು ಎರಡು ತುಂಡು ಮಾಡಿ, ಮತ್ತೆ ಜೋಡಿಸಿ, ಸರಿಯಾಗಿ ಹೇಳಿತು. ಲಟಕ್. ಕಾಯಿ ಮುರಿಯಿತು. ಓದು ಮುಂದೆ ಹೋಯಿತು.

"ಬಾಯಿ ಮುಚ್ಕೊ ಕಂದಾ, ನೊಣ ಹೋದಾತು," ಅಂದಳು ಮುದುಕಿ, ಕೆಂಡ್ರಾ ಕಡೆ ತಿರುಗದೆಯೇ. "ಹೊಸ ಟೀಚರಮ್ಮಾನಾ? ಯಾವ ಊರಿನ ಸ್ಲೋನ್‌ಗಳು ನೀವು?"

"ಪಕ್ಕದ ಕೌಂಟಿಯವರು. ಗಣಿಯವರಲ್ಲ, ಮರ ಕೊಯ್ಯೋರು."

"ಪರವಾಗಿಲ್ಲ ಬಿಡು, ಎಲ್ರಿಗೂ ಆ ಪುಣ್ಯ ಇರಲ್ಲ."

ಕೆಂಟಕಿಯ ಆ ಗಣಿ ಕಣಿವೆಯಲ್ಲಿ ಅವಳು ಎಲ್ಲರಿಗೂ ವರ್ಡಿ ಅಜ್ಜಿ. ಗಂಡ ಕಲ್ಲಿದ್ದಲ ಧೂಳು ನುಂಗಿ ನುಂಗಿ ಪುಪ್ಪುಸ ಕಲ್ಲಾಗಿ ಸತ್ತವನು. ಅವನು ಹೋದ ಮೇಲೆ ಅವಳು ಶಾಲೆಗೆ ಬರತೊಡಗಿದ್ದಳು. ಯಾರೂ ಕರೆದಿರಲಿಲ್ಲ. ಬೋಗುಣಿ ಹಿಡಿದು ಬಂದಳು, ಕೂತಳು, ಮಕ್ಕಳು ಓದಿದವು. ಟೀಚರ ಎದುರು ಬಾಯಿ ಬಿಡದ ಮಕ್ಕಳೂ ಅವಳ ಎದುರು ಓದುತ್ತಿದ್ದವು, ಅವಳು ನೋಡುತ್ತಿರಲಿಲ್ಲ ಅಂತಲೇ. ಸೊಪ್ಪು ತರಕಾರಿ ಕಾಲದಲ್ಲಿ ಹುರುಳಿಕಾಯಿ, ಚಳಿಗಾಲದಲ್ಲಿ ಒಣಗಿದ ಕಾಳು. ಕಾಳಾದರೆ ಕಲ್ಲು ಆರಿಸುವುದು, ಅಷ್ಟೇ ವ್ಯತ್ಯಾಸ.

ಕ್ರಿಸ್‌ಮಸ್ ಕಳೆದ ಮೇಲೆ ಹೊಸ ನಿಯಮ ಬಂತು. ದೂರದ ಯಾವುದೋ ಶಾಲೆಯಲ್ಲಿ ಆಟ ಕಲಿಸಲು ಬಂದವನೊಬ್ಬ ಮಾಡಬಾರದ್ದು ಮಾಡಿದ್ದ. ಇನ್ನು ಮುಂದೆ ಶಾಲೆಯೊಳಗೆ ಮಕ್ಕಳ ಜೊತೆ ಕೂರುವ ಪ್ರತಿಯೊಬ್ಬರ ಪೂರ್ವಾಪರವನ್ನೂ ಪೊಲೀಸ್ ದಾಖಲೆಯಲ್ಲಿ ಜಾಲಾಡಬೇಕು, ಸ್ವಯಂಸೇವಕರಾದರೂ ಸರಿ. ಕೆಂಡ್ರಾಗೆ ಅದು ತಪ್ಪು ಅನ್ನಿಸಲಿಲ್ಲ. ವರ್ಡಿಗೂ ಅನ್ನಿಸಲಿಲ್ಲ.

"ನೋಡ್ಲಿ, ಚೆನ್ನಾಗಿ ನೋಡ್ಲಿ," ಅಂದು ಒಪ್ಪಿಗೆಯ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ್ದಳು. "ಕಾಳಲ್ಲಿ ಕಲ್ಲಿದ್ರೆ ಹಲ್ಲು ಹೋಗೋದು ಮಕ್ಕಳದ್ದು."

ಮಾರ್ಚ್ ತಿಂಗಳಲ್ಲಿ ವರ್ಡಿಯ ಬಗ್ಗೆ ಉತ್ತರ ಬಂತು. ಆಯುಧದಿಂದ ಹಲ್ಲೆ, ಶಿಕ್ಷೆ ಆಗಿದೆ, ಅನುಮತಿ ಇಲ್ಲ.

ಹೆಡ್‌ಮಾಸ್ಟರ್ ಡ್ವೇನ್ ಟ್ಯಾಕೆಟ್ ಒಳ್ಳೆಯ ಮನುಷ್ಯ. ಚಿಕ್ಕಂದಿನಲ್ಲಿ ವರ್ಡಿಯ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಿಂದು ಬೆಳೆದವನು. ಬಾಗಿಲು ಹಾಕಿಕೊಂಡು ಕೆಂಡ್ರಾಗೆ ಹೇಳಿದ: "ಒಂದು ದಾರಿ ಇದೆ. ತುಂಬ ಹಳೇದಾದ್ರೆ ಶಾಲಾ ಮಂಡಳಿ ಮನ್ನಿಸಬಹುದು. ಪಶ್ಚಾತ್ತಾಪ ಪತ್ರ ಕೊಡ್ಬೇಕು. ನಾನೇ ಬರೆದಿದ್ದೀನಿ, ಅವಳು ಸಹಿ ಹಾಕಿದ್ರೆ ಸಾಕು. ನೀನು ತಗೊಂಡು ಹೋಗು. ನಾನು ಹೋದ್ರೆ ಕೊರಡಲ್ಲಿ ಬಾರಿಸ್ತಾಳೆ."

ಕೆಂಡ್ರಾ ಸಂಜೆ ಅವಳ ಮನೆಯ ಜಗಲಿಗೆ ಹೋದಳು. ವರ್ಡಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು. "'ಹದಿಹರೆಯದ ಅವಿವೇಕದಲ್ಲಿ ನಡೆದ ತಪ್ಪಿಗೆ ನಾನು ಮನಸಾರೆ ವಿಷಾದಿಸುತ್ತೇನೆ.' ಆಹಾ. ಯಾರಪ್ಪ ಇವ್ಳು? ನನಗೆ ಪರಿಚಯ ಇಲ್ಲ."

"ಒಂದು ಸಹಿ ಅಜ್ಜಿ. ಮಂಗಳವಾರದಿಂದ ನೀವು ಮತ್ತೆ ಒಳಗಿರ್ತೀರಿ."

"ಏನಾಗಿತ್ತು ಅಂತ ಟ್ಯಾಕೆಟ್ ಹೇಳಿದ್ನಾ?"

"ಇಲ್ಲ."

ವರ್ಡಿ ಹೇಳಿದಳು. ಎಪ್ಪತ್ತರ ದಶಕದಲ್ಲಿ ಗಣಿಯಲ್ಲಿ ಮುಷ್ಕರ. ಗಂಡಸರು ಗಣಿಯ ಗೇಟಿನ ಹತ್ತಿರ ನಿಲ್ಲಕೂಡದು ಅಂತ ಕೋರ್ಟು ಅಪ್ಪಣೆ ಮಾಡಿತು. ಅಪ್ಪಣೆಯಲ್ಲಿ ಹೆಂಗಸರ ಮಾತಿರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಹೆಂಗಸರು ರಸ್ತೆಗೆ ಅಡ್ಡ ನಿಂತರು, ಕೈಗೆ ಸಿಕ್ಕಿದ್ದು ಹಿಡಿದುಕೊಂಡು. ವರ್ಡಿಯ ಕೈಯಲ್ಲಿದ್ದದ್ದು ಹುರುಳಿಬಳ್ಳಿಗೆ ಊರುವ ಕೋಲು. ಮುಷ್ಕರ ಮುರಿಯಲು ಬೇರೆ ಊರಿನ ಕೂಲಿಗಳನ್ನು ತುಂಬಿಕೊಂಡು ಬಂದ ಮೇಸ್ತ್ರಿ ಕಾರು ನಿಲ್ಲಿಸಲಿಲ್ಲ. ನಡೆಯುವಷ್ಟು ನಿಧಾನಕ್ಕೆ, ನಗುತ್ತ, ಹೆಂಗಸರ ಮೇಲೇ ಬಿಟ್ಟ. ಮುಂದೆ ನಿಂತಿದ್ದವಳು ವರ್ಡಿಯ ಅತ್ತೆ ಲೀಟಾ. ಕಾರಿನ ಮೂತಿ ಅವಳ ಮಂಡಿಗೆ ತಾಗಿತು, ಅವಳು ಕದಲಲಿಲ್ಲ. ಇನ್ನೂ ಒತ್ತಿತು. ವರ್ಡಿ ಕಾರಿನ ಕಿಟಕಿಯೊಳಕ್ಕೆ ಕೋಲು ಬೀಸಿದಳು. ಕಾರು ನಿಂತಿತು. ಮೇಸ್ತ್ರಿಯ ಮಣಿಕಟ್ಟು ಮುರಿಯಿತು.

"ನಮ್ಮತ್ತೆ ಆಮೇಲೆ ಕುಂಟ್ತಾನೇ ಸತ್ಲು. ಅದು ಯಾವ ದಾಖಲೇಲೂ ಇಲ್ಲ," ಅಂದಳು ವರ್ಡಿ. "ಆ ರಸ್ತೇಲಿ ನಿಂತಿದ್ದೋರಲ್ಲಿ ಈಗ ಉಸಿರಾಡ್ತಿರೋಳು ನಾನೊಬ್ಳೇ. ನಾನು ಇದಕ್ಕೆ ಸಹಿ ಹಾಕಿದ್ರೆ ಅಷ್ಟೂ ಜನ ಅವಿವೇಕಿಗಳು ಅಂತ ಬರ್ಕೊಟ್ಟ ಹಾಗೆ. ತಗೊಂಡೋಗು ಮಗಾ. ಟ್ಯಾಕೆಟ್‌ಗೆ ಹೇಳು, ಅಕ್ಷರ ಮುದ್ದಾಗಿದೆ."

"ಹಾಗಾದ್ರೆ ಮಕ್ಕಳು?"

ವರ್ಡಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು. ಅವಳಿಗೆ ನೋವಾಗಿದ್ದು ಅಲ್ಲೇ ಅಂತ ಕೆಂಡ್ರಾಗೆ ಗೊತ್ತಾಯಿತು.

ಮಂಗಳವಾರ ವರ್ಡಿಯ ಓದಿನ ದಿನ. ಶಾಲೆಯ ಒಳಗೆ ಕಾಲಿಡಬಾರದು ತಾನೇ? ಡಾಂಬರಿನ ಅಂಚಿನಿಂದ ಬೇಲಿಯವರೆಗಿನ ಪಟ್ಟಿ ಹೆದ್ದಾರಿಯದು, ಶಾಲೆಯದಲ್ಲ. ಕಂಪನಿಯ ನೆಲ ಎಲ್ಲಿ ಮುಗಿಯುತ್ತದೆ, ಸರ್ಕಾರದ ನೆಲ ಎಲ್ಲಿ ಶುರುವಾಗುತ್ತದೆ ಅಂತ ಮುಷ್ಕರ ಕಂಡವರಿಗೆ ಅಂಗಾಲಿಗೇ ತಿಳಿಯುತ್ತದೆ. ಆಟದ ಬಿಡುವಿನಲ್ಲಿ ಮಕ್ಕಳು ಬೇಲಿಯ ಆಚೆ ಕೂತು ಓದಲಿ, ತಾನು ಈಚೆ ಕೂತು ಕಾಳು ಆರಿಸುತ್ತೇನೆ ಅಂತ ಅವಳ ಲೆಕ್ಕಾಚಾರ. ಚಳಿಯ ಬೆಳಿಗ್ಗೆಯೇ ಬಂದು ಗೇಟಿನ ಪಕ್ಕ ಮಡಚುವ ಕುರ್ಚಿ ಹಾಕಿದಳು. ಕಾಫಿಯ ಫ್ಲಾಸ್ಕ್ ಇಟ್ಟಳು. ಮಕ್ಕಳಿಗೆ ಗೊತ್ತಾಗಲಿ ಅಂತ ರಟ್ಟಿನ ಮೇಲೆ 'ಓದುವವರು ಇಲ್ಲಿ ಬನ್ನಿ' ಅಂತ ಬರೆದು ಕಾಲಿಗೆ ಒರಗಿಸಿಕೊಂಡಳು.

ಅಷ್ಟೇ ಅವಳು ಮಾಡಿದ್ದು. ಆದರೆ ತಿರುವಿನಲ್ಲಿ ಬಸ್ಸು ತಿರುಗಿಸಿದ ಹೋಬರ್ಟ್ ಮಲಿನ್ಸ್‌ನ ಕಣ್ಣಿಗೆ ಬಿದ್ದದ್ದು ಬೇರೆ. ಗೇಟು, ಗೇಟಿನ ಮುಂದೆ ಕುರ್ಚಿ, ರಟ್ಟು, ಫ್ಲಾಸ್ಕ್, ಅದರ ಜೊತೆ ವರ್ಡಿ ಹಾಲ್ಕಮ್! ಆ ಕಣಿವೆಯಲ್ಲಿ ಮುಷ್ಕರ ಹೂಡಿದವರು ಗೇಟಿಗೆ ಕೂರುತ್ತಿದ್ದದ್ದು ಹೀಗೆಯೇ, ಅವರನ್ನು ದಾಟಿ ಒಳಗೆ ಹೋದವನು ದ್ರೋಹಿ. ಅವನು ಬ್ರೇಕ್ ಹಾಕಿದ. ಹಿಂದೆ ಬಂದ ಬಸ್ಸುಗಳೂ ಸಾಲಾಗಿ ನಿಂತವು. ಹಾಲಿನ ಲಾರಿಯೂ ನಿಂತಿತು.

ಗೇಟಿನ ಬಳಿ ಮಕ್ಕಳನ್ನು ಇಳಿಸಿಕೊಳ್ಳುವ ಪಾಳಿ ಅಂದು ಕೆಂಡ್ರಾಳದು. ಹೋಬರ್ಟ್ ಇಳಿದು ಬಂದು, ಟೋಪಿ ತೆಗೆದು, ವರ್ಡಿಯಿಂದ ದೂರದಲ್ಲೇ ನಿಂತಿದ್ದನ್ನು ಅವಳು ಕಣ್ಣಾರೆ ನೋಡಿದಳು.

"ಏನಜ್ಜಿ, ಮುಷ್ಕರ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಯಾವ ಮುಷ್ಕರನೋ? ಮಕ್ಕಳು ಓದ್ಲಿ ಅಂತ ಕೂತಿದ್ದೀನಿ. ಹೋಗು, ಬಸ್ಸು ಒಳಗೆ ಬಿಡು."

"ಗೇಟಿಗೆ ಕುರ್ಚಿ ಹಾಕಿದ್ದೀಯ. ರಟ್ಟು ಇಟ್ಟಿದ್ದೀಯ."

"ರಟ್ಟಲ್ಲಿ ಏನು ಬರೆದಿದೆ ಓದೋ ದಡ್ಡ! ನೀನೂ ನನ್ ಹತ್ರ ಕೂತು ಓದ್ಬೇಕಾಗಿತ್ತು."

"ಏನು ಬರೆದಿದ್ರೆ ನನಗೇನು? ನಮ್ಮಪ್ಪ ಅಲ್ಲಿ ಗುಡ್ಡದ ಮೇಲೆ ಮಲಗಿದ್ದಾನೆ. ಅವನ ಮಗ ಮುಷ್ಕರದ ಗೆರೆ ದಾಟಿದ ಅಂದ್ರೆ ಎದ್ದು ಬರ್ತಾನೆ." ಹೋಬರ್ಟ್ ಟೋಪಿಯನ್ನು ಕೈಯಲ್ಲೇ ತಿರುಗಿಸಿದ. "ಮುಷ್ಕರ ಅಲ್ಲ ಅಂದ್ರೆ ಎದ್ದು ಕುರ್ಚಿ ಮಡಚು. ಹೋಗ್ತೀನಿ."

ವರ್ಡಿ ಕುರ್ಚಿಯ ಕೈಗಳ ಮೇಲೆ ಭಾರ ಹಾಕಿ ಅರ್ಧ ಎದ್ದಳು. ಸಾಲುಗಟ್ಟಿದ ಬಸ್ಸುಗಳನ್ನು ನೋಡಿದಳು. ಕಿಟಕಿಗಳಲ್ಲಿ ಮಕ್ಕಳ ಮುಖಗಳು. ಶಾಲೆಯ ಬಾಗಿಲಲ್ಲಿ ಟ್ಯಾಕೆಟ್ ಕಾಣಿಸಿಕೊಂಡು, ಬೇಡ ಬೇಡ ಅನ್ನುವ ಹಾಗೆ ಕೈ ಆಡಿಸುತ್ತಿದ್ದ. ಅವಳು ಮತ್ತೆ ಕೂತಳು. ಬೋಗುಣಿ ಮಡಿಲಿಗೆ ಎಳೆದುಕೊಂಡಳು.

"ಹಾಗಾದ್ರೆ ಮುಷ್ಕರ ಅಂತಲೇ ಇಟ್ಕೊ," ಅಂದಳು.

ಮಕ್ಕಳು ಬಸ್ಸಿನಿಂದಿಳಿದು, ಜಾತ್ರೆಗೆ ಹೊರಟವರ ಹಾಗೆ ನಗುತ್ತ, ಗೇಟಿನವರೆಗೆ ಹೋಬರ್ಟ್‌ನ, ಅಲ್ಲಿಂದ ಕೆಂಡ್ರಾಳ ಕಾವಲಲ್ಲಿ ನಡೆದೇ ಒಳಗೆ ಹೋದವು. ಮಕ್ಕಳು ದಾಟಿದರೆ ದೋಷವಿಲ್ಲ, ಅವರು ಕೂಲಿಗಳಲ್ಲ ಅಂತ ಹೋಬರ್ಟ್ ತೀರ್ಪು ಕೊಟ್ಟ. ಅಂದು ಊಟಕ್ಕೆ ಹಾಲಿರಲಿಲ್ಲ. ಬಿಡುವಿನಲ್ಲಿ ಬೇಲಿಯ ಉದ್ದಕ್ಕೂ ಮಕ್ಕಳು ಸಾಲಾಗಿ ಕೂತು ಓದಿದವು. ಕಾಳು ಬೋಗುಣಿಗೆ ಬೀಳುವ ಸದ್ದು ಕೇಳಿಸಿಕೊಳ್ಳಲು ಕೆಂಡ್ರಾ ಬೇಲಿಯ ಹತ್ತಿರವೇ ನಿಂತಳು. ಮರುದಿನವೂ ಬಸ್ಸುಗಳು ತಿರುವಿನಲ್ಲೇ ನಿಂತವು. ಅದರ ಮರುದಿನ ಸಂಜೆ ಮಂಡಳಿ ಸಭೆ ಕರೆಯಿತು, ಶಾಲೆಯ ಊಟದ ಕೋಣೆಯಲ್ಲೇ.

ಜನ ಗೋಡೆಗೆ ಒರಗಿ ನಿಲ್ಲುವಷ್ಟು ತುಂಬಿದ್ದರು. ಮಂಡಳಿಯ ಐವರಲ್ಲಿ ಒಬ್ಬಳು ನೆಡ್ರಾ ಬ್ರೇನರ್ಡ್. ಮಣಿಕಟ್ಟು ಮುರಿದ ಆ ಮೇಸ್ತ್ರಿಯ ಮಗಳು. ಅದು ಎಲ್ಲರಿಗೂ ಗೊತ್ತು. ಟ್ಯಾಕೆಟ್ ಹಳೆಯ ಪಶ್ಚಾತ್ತಾಪ ಪತ್ರವನ್ನು ಇನ್ನೊಮ್ಮೆ ವರ್ಡಿಯ ಮುಂದೆ ಸರಿಸಿದ. ಅವಳು ಅದರ ಮೇಲೆ ಕಾಫಿಯ ಲೋಟ ಇಟ್ಟಳು.

ನೆಡ್ರಾ ಬಾಯಿ ತೆರೆದಳು. "ನನ್ನಪ್ಪನ ಕೈ ಮತ್ತೆ ನೆಟ್ಟಗಾಗ್ಲಿಲ್ಲ. ಸಾಯೋವರೆಗೂ ಎಡಗೈಲಿ ಉಂಡ. ಗೊತ್ತಾ ನಿಮಗೆ?"

"ಗೊತ್ತು ತಾಯಿ. ಚರ್ಚಿನ ಊಟದಲ್ಲಿ ಎದುರು ಮೇಜಿಂದ ಪ್ರತಿ ಸಲ ನೋಡಿದ್ದೀನಿ."

"ಒಂದು ಸಲನೂ ಕ್ಷಮೆ ಕೇಳ್ಲಿಲ್ಲ ನೀವು."

"ಆ ಕೈ ನೋಡಿದಾಗೆಲ್ಲ ನನಗೆ ಸಂಕಟ ಆಗಿದೆ. ಅದನ್ನ ಬೇಕಾದ್ರೆ ಬರೆದುಕೊಡ್ತೀನಿ. ಕೋಲು ಬೀಸಿದ್ದಕ್ಕೆ ಸಂಕಟ ಇಲ್ಲ. ಕಾರು ನಮ್ಮತ್ತೆ ಮಂಡಿ ಮೇಲಿತ್ತು."

"ಮತ್ತೆ ಅಂಥ ಸಂದರ್ಭ ಬಂದ್ರೆ?"

ಟ್ಯಾಕೆಟ್ ಕಣ್ಣು ಮುಚ್ಚಿಕೊಂಡ.

"ಮತ್ತೆ ಕಾರು ಬಂದ್ರೆ ಮತ್ತೆ ಬೀಸ್ತೀನಿ," ಅಂದಳು ವರ್ಡಿ. "ಸುಳ್ಳು ಹೇಳಿ ಮಕ್ಕಳ ಹತ್ರ ಕೂರ್ಬೇಕು ಅಂದ್ರೆ ಎದ್ದು ಹೋಗ್ತೀನಿ. ಜರಡಿ ಹಿಡೀಬೇಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಹಿಡೀರಿ. ಆದ್ರೆ ಹಿಡಿದ್ಮೇಲೆ ಒಂದ್ಸಲ ಬಗ್ಗಿ ನೋಡಿ, ಜರಡೀಲಿ ಉಳಿದಿದ್ದು ಕಲ್ಲೋ ಕಾಳೋ ಅಂತ."

ಕೆಂಡ್ರಾ ಎದ್ದು ನಿಂತಳು. ಕೆಲಸ ಖಾಯಂ ಆಗದ ಟೀಚರು ಅಂಥ ಸಭೆಯಲ್ಲಿ ಮಾತಾಡುವ ರೂಢಿಯಿಲ್ಲ. ಆದರೂ ಅವಳು ಹೇಳಿದಳು: "ಇವರನ್ನ ನನ್ನ ಕೋಣೆಯಲ್ಲೇ ಕೂರಿಸಿ. ನನ್ನ ಕಣ್ಣೆದುರು. ಜವಾಬ್ದಾರಿ ನನ್ನದು."

ಮಂಡಳಿಯವರು ತಲೆ ಕೂಡಿಸಿ ಪಿಸುಗುಟ್ಟಿದರು. ಕಡೆಗೆ ಷರತ್ತು ಹಾಕಿದರು. ವರ್ಡಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಡಬೇಕು. ಶಾಲೆಯಲ್ಲಿರುವಷ್ಟು ಹೊತ್ತೂ ಒಬ್ಬ ಟೀಚರಿನ ಕಣ್ಣಳತೆಯಲ್ಲೇ ಇರಬೇಕು. ಒಪ್ಪಿಗೆಯೇ?

"ನಾನು ಹೊಡೆದಿದ್ದೂ ಎಲ್ಲರ ಕಣ್ಣೆದುರಿಗೇ," ಅಂದಳು ವರ್ಡಿ. "ಒಪ್ಪಿಗೆ."

ಮೂವರು ಕೈ ಎತ್ತಿದರು, ಇಬ್ಬರು ಎತ್ತಲಿಲ್ಲ. ಎತ್ತದವರಲ್ಲಿ ನೆಡ್ರಾ ಒಬ್ಬಳು. ಹೊರಗೆ ಹೋಬರ್ಟ್ ಅವಳನ್ನು ಬೈಯಲು ಶುರುಮಾಡಿದ. ವರ್ಡಿ ಗದರಿದಳು: "ಮುಚ್ಚೋ ಬಾಯಿ! ಅದು ಅವಳಪ್ಪನ ಕೈ. ಇನ್ನೇನು ಮಾಡ್ಬೇಕಿತ್ತು ಅವ್ಳು?" ಆಮೇಲೆ ವರ್ಡಿಯ ಕುರ್ಚಿಯನ್ನು ಅವನೇ ಮಡಚಿ, ಅವಳ ಟ್ರಕ್ಕಿನ ಹಿಂದೆ ಹಾಕಿದ. ಮರುದಿನ ಬಸ್ಸುಗಳು ಗೇಟು ದಾಟಿದವು.

ಈಗ ವರ್ಡಿ ಹಾಲ್ಕಮ್ ಮಂಗಳವಾರ ಮತ್ತು ಗುರುವಾರ ಎರಡನೇ ತರಗತಿಯ ಕೋಣೆಯಲ್ಲಿ, ಕೆಂಡ್ರಾಳ ಮೇಜಿನ ಎದುರು, ಕಿಟಕಿಯ ಪಕ್ಕ ಕೂರುತ್ತಾಳೆ. ಮಕ್ಕಳು ಓದುತ್ತವೆ, ಅವಳು ಹುರುಳಿಕಾಯಿ ಮುರಿಯುತ್ತಾಳೆ.