ಎಥಲ್ಬರ್ಟರ ದನಿ ಹುಡುಕಿಕೊಟ್ಟ ಮರ್ಲೀನ್

ಬೆಳಗಿನ ಐದೂವರೆ. ಪೋರ್ಟ್ ಆಫ್ ಸ್ಪೇನ್‌ನ ಬೆಲ್ಮಾಂಟ್ ಓಣಿಗೆ ಕಡಲೆ ಪಲ್ಯ ತುಂಬಿದ ರೊಟ್ಟಿ, ಅಂದರೆ ಡಬಲ್ಸ್, ಮಾರುವ ಗಾಡಿ ಇನ್ನೂ ಬಂದಿಲ್ಲ. ಮೀನಂಗಡಿಯ ಮೇಲಿನ ಪುಟ್ಟ ಸ್ಟುಡಿಯೊದಲ್ಲಿ ಮರ್ಲೀನ್ ಬ್ಯಾಪ್ಟಿಸ್ಟ್ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಹಾಡೊಂದರ ಟ್ರ್ಯಾಕುಗಳ, ಅಂದರೆ ಬೇರೆಬೇರೆ ವಾದ್ಯ, ದನಿಗಳ, ಉದ್ದನೆಯ ಪಟ್ಟಿ. ಕೆಲವು ಚೌಕಗಳಿಗೆ ಗುರುತು ಹಾಕುತ್ತಾರೆ, ಕೆಲವನ್ನು ಬಿಡುತ್ತಾರೆ. "ಇದು ಬರ್ಲಿ, ಇದು ಬೇಡ," ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ.

ಊರೆಲ್ಲ ಹೊಸ ಹಾಡುಗಳಿಗೆ ಕುಣಿಯುವ ಕಾರ್ನಿವಲ್ ಹಬ್ಬಕ್ಕೆ ಮೂರೇ ವಾರ. ಒಂದು ಹಾಡಿನ ಪ್ರಾಜೆಕ್ಟ್ ಕಡತದಲ್ಲಿ ಹೊಂದಿಸಿಟ್ಟ ಡ್ರಮ್ಮಿನ ಗಡಸು, ದನಿಯ ಮೆರುಗು, ಯಾವ ಟ್ರ್ಯಾಕ್ ಎಲ್ಲಿಗೆ ಸೇರಬೇಕೆಂಬ ಜೋಡಣೆ, ಇವನ್ನು ಇನ್ನೊಂದು ಹಾಡಿಗೆ ಸಾಗಿಸುವುದು, ಕೆಟ್ಟ ಭಾಗದ ಜಾಗದಲ್ಲಿ ಹೊಸದನ್ನು ಕೂರಿಸುವುದು ಐವತ್ತಮೂರು ವರ್ಷದ ಮರ್ಲೀನ್ ಅವರ ಕೆಲಸ. ದಿನಕ್ಕೆ ಏಳೆಂಟು ಪ್ರಾಜೆಕ್ಟ್, ಒಂದೊಂದರಲ್ಲೂ ನಲವತ್ತು ಐವತ್ತು ಟ್ರ್ಯಾಕ್. ಹಾಡು ಬೀದಿಗೆ ಬಂದಾಗ ಇವರ ಹೆಸರು ಎಲ್ಲೂ ಇರುವುದಿಲ್ಲ.

ಮೊದಲು ಕಾರ್ನಿವಲ್ ವೇಷಗಳಿಗೆ ಗರಿ ಅಂಟಿಸುತ್ತಿದ್ದರು. ಅಂಟಿನ ಘಾಟಿಗೆ ಉಸಿರು ಕಟ್ಟತೊಡಗಿದಾಗ ಇಲ್ಲಿ ಕಸ ಗುಡಿಸಲು ಸೇರಿದರು. ನೋಡುತ್ತ ನೋಡುತ್ತ ಈ ಕೆಲಸ ಕಲಿತರು. ಹೊಸತರಲ್ಲಿ ಒಮ್ಮೆ ಹಿಂದುಮುಂದು ನೋಡದೆ ಹಳೆ ಪ್ರಾಜೆಕ್ಟನ್ನು ಇಡಿಯಾಗಿ ಇನ್ನೊಂದು ಹಾಡಿನೊಳಗೆ ಎಳೆತಂದರು. ಹಳೆ ಹಾಡಿನ ತಾಳದ ವೇಗವೂ ಜೊತೆಗೆ ಬಂದು, ಹೊಸ ಹಾಡು ದಿಕ್ಕಾಪಾಲಾಯಿತು. "ಆರು ತಿಂಗ್ಳು ಮತ್ತೆ ಪೊರಕೆ ಹಿಡ್ದೆ. ನಾಚ್ಕೆಗೆ ಡಬಲ್ಸ್ ತಿನ್ನೋಕೂ ಕೆಳಗಿಳೀತಿರ್ಲಿಲ್ಲ," ಎಂದು ನಗುತ್ತಾರೆ.

ಹೋದ ವರ್ಷ ಎಥಲ್ಬರ್ಟ್ ನೋಯೆಲ್ ಬಂದರು. ಕಾರ್ನಿವಲ್‌ನ ಕ್ಯಾಲಿಪ್ಸೊ ಹಾಡುಗಳ ಹಳೆಯ ಗಾಯಕ. ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ದನಿ ಹೋಗಿತ್ತು. ಒಂಬತ್ತು ವರ್ಷದ ಹಿಂದೆ ಇಲ್ಲೇ ಹಾಡಿದ್ದ ಒಂದು ಹಾಡು ಹೊರಬಾರದೆ ಉಳಿದಿತ್ತು. ಅದನ್ನು ಹೊರತರಬೇಕೆಂದು ಮಗಳು ಜನೀಲ್ ಹಟ ಹಿಡಿದಿದ್ದಳು. ಪ್ರಾಜೆಕ್ಟ್ ತೆರೆದರೆ ದನಿಯೇನೋ ಇತ್ತು, ಅದಕ್ಕೆ ಮೆರುಗು ಕೊಡಲು ಮಾಡಿದ್ದ ಹೊಂದಿಕೆಯೆಲ್ಲ ಕೆಟ್ಟಿತ್ತು. ಸ್ಟುಡಿಯೊದ ಧಣಿ ಕರ್ವಿನ್ ಇಂದಿನ ಹಾಡುಗಳ ಸಿದ್ಧ ಹೊಂದಿಕೆ ಹಾಕಿ ಕೇಳಿಸಿದ. ಎಥಲ್ಬರ್ಟ್ ಹಾಳೆಯ ಮೇಲೆ ಬರೆದರು: "ಇವನ್ಯಾರು?"

"ಈಗಿನ ಜನ ಹಿಂಗೇ ಕೇಳೋದು ಅಜ್ಜಾ," ಎಂದ ಕರ್ವಿನ್.

"ನೀನು ಸುಮ್ನಿರಪ್ಪ. ಅವ್ರ ಗಂಟ್ಲು ಅವ್ರಿಗೆ ಗೊತ್ತಿಲ್ವಾ?" ಎಂದರು ಮರ್ಲೀನ್.

ಆ ಕಾಲದ ಹೊಂದಿಕೆ ಬೇರೆಲ್ಲಾದರೂ ಉಳಿದಿದೆಯೇ ಎಂದು ಹಳೆ ಡಿಸ್ಕುಗಳನ್ನು ಜಾಲಾಡಲು ಕೂತರು. "ಟ್ಯಾಂಟಿ, ಒಂದು ಹಾಡಿಗೆ ಮೂರು ದಿನಾನಾ? ಕಾರ್ನಿವಲ್ ನಿಮಗೋಸ್ಕರ ಕಾಯುತ್ತಾ?" ಎಂದು ಕರ್ವಿನ್ ರೇಗಿದ. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದೇ ಟ್ಯಾಂಟಿ ಎಂದು. ಅಷ್ಟರಲ್ಲಿ, ಒಂಬತ್ತು ವರ್ಷದ ಹಿಂದೆ ಆ ಹಾಡು ಹಾಡಿದ ವಾರವೇ ಎಥಲ್ಬರ್ಟ್ ಸೋಪಿನ ಜಾಹೀರಾತಿಗೆ ಹಾಡಿದ್ದ ಪ್ರಾಜೆಕ್ಟ್ ಸಿಕ್ಕಿತು. ಅದರಿಂದ ದನಿಯ ಹೊಂದಿಕೆಯನ್ನಷ್ಟೇ ತಂದರು. ತಾಳ, ವೇಗ ಯಾವುದನ್ನೂ ಮುಟ್ಟಲಿಲ್ಲ. ಮಾರ್ದನಿ ಕೊಡುವ ಭಾಗ ಮಾತ್ರ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ. ಬದಲಿಗೆ ಬೇರೊಂದನ್ನು ಹಾಕಿ, ಎಥಲ್ಬರ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂದಲೆಳೆಯಷ್ಟಷ್ಟೇ ತಿದ್ದುತ್ತ ಹೋದರು. ಅವರು ಬೆರಳೆತ್ತಿದರೆ ಹೆಚ್ಚು, ಇಳಿಸಿದರೆ ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಬೆರಳು ನಿಂತಿತು. ಮುದುಕರು ಕಣ್ಣು ಮುಚ್ಚಿ ತಮ್ಮ ಹಾಡಿಗೆ ತುಟಿಯಾಡಿಸಿದರು. ಜನೀಲ್ ಬಾಗಿಲಲ್ಲೇ ಕೂತು ಅತ್ತಳು.

ಈಗ ಆ ಹಾಡು ಬೆಲ್ಮಾಂಟಿನ ಬಾಡಿಗೆ ವ್ಯಾನುಗಳಲ್ಲೆಲ್ಲ ಕೇಳುತ್ತದೆ. ನಿಮ್ಮ ಹೆಸರೂ ಹಾಕಿಸಬಾರದೇ ಎಂದರೆ ಮರ್ಲೀನ್ ಬೇಡವೆಂದು ಕೈಯಾಡಿಸಿಬಿಡುತ್ತಾರೆ. ಯಾವುದನ್ನು ಎಲ್ಲಿಂದ ತಂದೆ, ಏನು ಬದಲಿಸಿದೆ ಎಂದು ಪ್ರತಿ ಟ್ರ್ಯಾಕಿನ ಟಿಪ್ಪಣಿಯಲ್ಲಿ ಬರೆದಿಡುವುದು ಅವರ ರೂಢಿ.

"ಹೆಸ್ರು ಕಟ್ಕೊಂಡು ಏನ್ ಮಾಡ್ಲಿ? ಇಪ್ಪತ್ತು ವರ್ಷ ಬಿಟ್ಟು ಯಾರೋ ಈ ಪ್ರಾಜೆಕ್ಟ್ ತೆರೀತಾರೆ. ನನ್ ಥರ ಪರದಾಡ್ಬಾರ್ದು. ಅಲ್ಲೀವರ್ಗೂ ಆ ಬರಹ ಯಾರೂ ಅಳಿಸ್ದಿದ್ರೆ ಸಾಕು."