ಚಂದಾಪುರಕ್ಕೆ, ದಡಾರದ ಸೂಜಿ ಹಾಕಿಸಲು

ಬುಧವಾರ ಬೆಳಗ್ಗೆ ಆರೂವರೆಗೆ ಲಗ್ಗೆರೆ ಬಿಟ್ಟೆ. ಚಂದಾಪುರದಲ್ಲಿರುವ ಮಗಳು ಮಂಜುಳಾ ಹಿಂದಿನ ದಿನ ಫೋನ್ ಮಾಡಿದ್ದಳು. ಪಕ್ಕದ ಮನೆ ಮಗುವಿಗೆ ದಡಾರ ಎದ್ದಿದೆ, ಅಮ್ಮ ಬಂದಿದ್ದಾಳೆ ಅಂತ ವಠಾರದ ಬಾಗಿಲಿಗೆಲ್ಲ ಬೇವಿನ ಸೊಪ್ಪು ಕಟ್ಟಿದ್ದಾರೆ, ಅದು ಇಳಿಯುವವರೆಗೆ ಯಾರ ಮನೆ ಮಗುವಿಗೂ ಸೂಜಿ ಚುಚ್ಚಿಸಬಾರದಂತೆ. ಮೊಮ್ಮಗಳು ಚಿನ್ನುಗೆ ಒಂಬತ್ತು ತಿಂಗಳು ತುಂಬಿತ್ತು. ದಡಾರದ ಸೂಜಿ ಹಾಕಿಸುವ ಹೊತ್ತು ಅದೇ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಮೆಜೆಸ್ಟಿಕ್‌ನಲ್ಲಿ ಎರಡು ಇಡ್ಲಿ ತಿಂದು ಬಸ್ಸು ಬದಲಿಸಿದೆ. ಸಿಲ್ಕ್ ಬೋರ್ಡ್ ಹತ್ತಿರ ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಗಾರ್ಮೆಂಟ್ಸ್ ಹುಡುಗಿಯೊಬ್ಬಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಎಬ್ಬಿಸಲಿಲ್ಲ. ಚಂದಾಪುರದಲ್ಲಿ ಇಳಿದಾಗ ಒಂಬತ್ತೂವರೆ, ಬಿಸಿಲು ಆಗಲೇ ಚುರುಕು.

ಮಂಜುಳಾ ಕೆಲಸಕ್ಕೆ ರಜೆ ಹಾಕಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಈಗ ಚುಚ್ಚಿಸಿದರೆ ಅಮ್ಮ ಮುನಿಸಿಕೊಂಡು ಈ ಮನೆಗೂ ಬರುತ್ತಾಳೆ ಎಂದು ವಠಾರದವರು ಹೆದರಿಸಿದ್ದರು.

"ನಿಮ್ಮಣ್ಣ ಹೋಗಿದ್ದು ದಡಾರದಲ್ಲೇ ಕಣೇ," ಅಂದೆ. "ನಾನೂ ಬೇವಿನ ಸೊಪ್ಪು ಕಟ್ಕೊಂಡು ಕೂತಿದ್ದೆ. ಲಸಿಕೆ ಕಾರ್ಡ್ ತಗೊಂಡು ಏಳು."

ಅಣ್ಣನೊಬ್ಬನಿದ್ದ ಅಂತ ಅವಳಿಗೆ ಗೊತ್ತಿರಲಿಲ್ಲ. ಆಟೋದಲ್ಲಿ ಅವನ ಹೆಸರು ಕೇಳಿದಳು. ಹೇಳಿದೆ. ಆಟೋಗೆ ಐವತ್ತು ರೂಪಾಯಿ.

ಆಸ್ಪತ್ರೆಯ ಸಿಸ್ಟರ್‌ಗೆ ಪಕ್ಕದ ಮನೆ ವಿಷಯ ಮುಚ್ಚಿಡದೆ ಹೇಳಿದೆ. ಅವರು ಸಮಾಧಾನವಾಗಿ ವಿವರಿಸಿದರು. ದಡಾರದ ಲಸಿಕೆಯಲ್ಲಿ ಜೀವವಿರುವ ರೋಗಾಣುವನ್ನೇ ಬಲ ಕುಂದಿಸಿ ಇಟ್ಟಿರುತ್ತಾರಂತೆ. ಪೋಲಿಯೋ ಸೂಜಿಯಲ್ಲಿ ಇರುವುದು ಸತ್ತದ್ದು. ಧನುರ್ವಾಯುವಿನದಾದರೆ ರೋಗಾಣುವಿನ ವಿಷವನ್ನು ಕೆಡುಕು ಮಾಡದಂತೆ ಪಳಗಿಸಿರುತ್ತಾರೆ. ಯಾವುದೇ ಆಗಲಿ, ಮೈ ಅದನ್ನು ಗುರುತಿಟ್ಟುಕೊಂಡು, ನಿಜವಾದ ರೋಗ ಬಂದಾಗ ಹೊಡೆದಾಡಲು ತಯಾರಾಗಿರುತ್ತದೆ. ನನ್ನ ತಲೆಗೆ ಹತ್ತಿದ್ದು ಇಷ್ಟು.

"ರೋಗ ಆಗಲೇ ಅಂಟಿದ್ರೆ ಇದು ತಡೀದೇನೂ ಇರಬಹುದು ಅಜ್ಜಿ," ಅಂದರು. "ಆದ್ರೂ ಹಾಕೋಣ. ಎರಡು ವಾರ ಕಣ್ಣಿಟ್ಟಿರಿ."

ಒಂಬತ್ತು ತಿಂಗಳಿಗೆ ಹಾಕುವ ಬೇರೆ ಲಸಿಕೆಗಳೂ ಸೇರಿ ಎರಡು ತೋಳು, ಒಂದು ತೊಡೆ, ಒಟ್ಟು ಮೂರು ಸೂಜಿ. ಚಿನ್ನು ಸೂರು ಹಾರಿಹೋಗುವಂತೆ ಅತ್ತಳು. ಅವಳಮ್ಮ ಅದಕ್ಕಿಂತ ಜಾಸ್ತಿ.

ಸಂಜೆಯೇ ಹೊರಡಬೇಕಿದ್ದವಳು ಉಳಿದುಬಿಟ್ಟೆ. ದಿನಾ ಬೆಳಗ್ಗೆ ಮಗುವನ್ನು ಬೆಳಕಿಗೆ ಹಿಡಿದು ಕಿವಿಯ ಹಿಂದೆ, ಬೆನ್ನ ಮೇಲೆ ನೋಡುತ್ತಿದ್ದೆ. ಎಂಟನೇ ದಿನ ಮೈ ಬಿಸಿಯಾಯಿತು. ಲಸಿಕೆಯಿಂದಲೂ ಹಾಗಾಗುತ್ತದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರು. ಆದರೂ ಅವತ್ತು ನನಗೆ ಅನ್ನ ಇಳಿಯಲಿಲ್ಲ. ಮಾರನೇ ದಿನ ಜ್ವರ ಬಿಟ್ಟಿತು. ದಡಾರ ಏಳಲಿಲ್ಲ. ಪಕ್ಕದ ಮನೆ ಮಗುವೂ ಎದ್ದು ಓಡಾಡತೊಡಗಿತು.

ಹದಿನಾರನೇ ದಿನ ಬಸ್ಸು ಹತ್ತಿದೆ. ಮಂಜುಳಾ ಚಿನ್ನುವನ್ನು ಕಿಟಕಿಗೆ ಎತ್ತಿ ಹಿಡಿದಳು. ಅದು ನನ್ನ ಮೂಗುತಿಗೆ ಕೈ ಹಾಕಿ ಜಗ್ಗಿತು. ಬಿಡಿಸಿಕೊಳ್ಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಹಿಡಿತ ಚೆನ್ನಾಗಿದೆ ಅಂದುಕೊಂಡೆ.