ಕೆರೆ ಏರಿಯ ಮೇಲೆ ಹಾರ್ನ್ ಹೊಡೆದ ದಿನ

1986ರಲ್ಲಿ ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಮನೆ ಪಟ್ಟಣದಲ್ಲಿ, ಕೆಲಸವೆಲ್ಲ ನಗರಗೆರೆಯಿಂದಾಚೆಗೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಗಳಲ್ಲಿ. ಓಡಾಟಕ್ಕೆ ನನ್ನದೇ ಒಂದು ಮೊಪೆಡ್ ಇತ್ತು. ಆ ದಾರಿಗಳಲ್ಲಿ ಅರ್ಧ ದೂರ ಅದು ನನ್ನನ್ನು ಹೊರುತ್ತಿತ್ತು, ಇನ್ನರ್ಧ ದೂರ ನಾನು ಅದನ್ನು ತಳ್ಳುತ್ತಿದ್ದೆ. ಪ್ಯಾಂಟಿನ ಅಂಚಿಗೆ ಕೆಸರು ಮೆತ್ತಿಕೊಂಡು ಬರುವ ಡಾಕ್ಟರಿಗೂ ಐಸ್ ಕ್ಯಾಂಡಿ ಮಾರುವವನಿಗೂ ಜನ ಕೊಡುವ ಮರ್ಯಾದೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ ಎಂಬುದು ಆಗಿನ ನನ್ನ ಕೊರಗು. ವಯಸ್ಸು ಚಿಕ್ಕದು, ಮರ್ಯಾದೆಯ ಹಸಿವು ದೊಡ್ಡದು. ಮುಂದೆ ಹೇಳುವುದೆಲ್ಲ ಆ ಹಸಿವಿನಿಂದಲೇ ಆದದ್ದು.

ಆ ವರ್ಷ ಚಿಕ್ಕಬಳ್ಳಾಪುರದಲ್ಲಿ ಹಳೆಯ ಸರ್ಕಾರಿ ವಾಹನಗಳ ಹರಾಜು ನಡೆಯಿತು. ಎಲ್ಲವೂ ‘ಕಂಡೆಮ್’ ಆದವು, ಅಂದರೆ ರಿಪೇರಿಗೂ ಲಾಯಕ್ಕಿಲ್ಲವೆಂದು ಸರ್ಕಾರವೇ ಕೈಬಿಟ್ಟವು. ಬೇಲಿಯ ಮೂಲೆಯಲ್ಲಿ ಒಂದು ಪೆಟ್ರೋಲ್ ಜೀಪು ನಿಂತಿತ್ತು. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಫೋರ್ ವೀಲ್ ಡ್ರೈವ್. ಕೆಸರಿಗೂ ಹಳ್ಳಕ್ಕೂ ಹೇಳಿ ಮಾಡಿಸಿದ್ದು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಬೇರೆ ಯಾರೂ ಬೆಲೆ ಕೂಗದಿದ್ದರಿಂದ ಜೀಪು ನನ್ನ ಪಾಲಿಗೇ ಬಂತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಮನೆಯ ಹಿತ್ತಲಲ್ಲಿ ನಿಲ್ಲಿಸಿದಾಗ ನನ್ನ ಹೆಂಡತಿ ಸರಳಾ ಬಾಗಿಲಿಗೆ ಬಂದು ನೋಡಿ, “ಇದನ್ನ ಹೂತುಹಾಕೋಕೆ ತಂದ್ರೋ, ಓಡ್ಸೋಕೆ ತಂದ್ರೋ?” ಎಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ತಳದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಫೋರ್ ವೀಲ್ ಹಾಕುವ ಲಿವರ್ ಅಲ್ಲಾಡುತ್ತಿರಲಿಲ್ಲ. ಗ್ಯಾರೇಜಿಗೆ ಬಿಟ್ಟು ಮಾಡಿಸುವಷ್ಟು ಶಕ್ತಿ ನನ್ನ ಸಂಬಳಕ್ಕಿರಲಿಲ್ಲ. ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಖಲೀಲ್ ಸಾಬರು ಭಾನುವಾರ ಬಸ್ಸಿನಲ್ಲಿ ಬಂದು ನೋಡಿ ಹೇಳಿಕೊಡುವುದು, ವಾರವಿಡೀ ನಾನು ಮಾಡುವುದು ಎಂದು ಒಪ್ಪಂದವಾಯಿತು. ಮೊದಲ ದಿನವೇ ಅವರು, “ಹೊಸ ಸಾಮಾನು ತರಬೇಡಿ ಸಾರ್. ಇದರ ಅಣ್ಣತಮ್ಮಂದ್ರು ಗುಜರೀಲಿ ಬೇಕಾದಷ್ಟು ಜನ ಮಲಗವ್ರೆ, ಅವರನ್ನೇ ಬಿಚ್ಚಣ,” ಎಂದರು.

ಹಾಗೇ ಆಯಿತು. ಡಾಂಬರಿನ ಹಳೆಯ ಡ್ರಮ್ಮುಗಳನ್ನು ಸೀಳಿ, ಬಡಿದು ಮಟ್ಟ ಮಾಡಿ ತಳಕ್ಕೆ ಹಾಕಿದೆವು. ಲಾರಿಯ ಹರಿದ ಟಾರ್ಪಾಲಿನಲ್ಲಿ ಹುಡ್ ಹೊಲಿಸಿದೆ. ಸರಳಾಳ ಅಗಲವಾದ ಪಾತ್ರೆಯೊಂದು ಕಾರ್ಬ್ಯುರೇಟರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಹೋದದ್ದು ಮತ್ತೆ ಅಡುಗೆಮನೆಗೆ ಬರಲಿಲ್ಲ. ಹಗಲೆಲ್ಲ ಹಸುಗಳ ಹೊಟ್ಟೆಯೊಳಗಿದ್ದ ಕೈ ಸಂಜೆ ಗೇರ್ ಬಾಕ್ಸಿನ ಹೊಟ್ಟೆಯೊಳಗಿರುತ್ತಿತ್ತು. ಜಡ್ಡುಗಟ್ಟಿದ ಲಿವರ್ ಒಂದು ಭಾನುವಾರ ಕಟಕ್ಕೆಂದು ಸರಿದಾಗ ಖಲೀಲ್ ಸಾಬರೂ ನಾನೂ ಹಿತ್ತಲಲ್ಲೇ ಕೂತು ನಕ್ಕೆವು.

ಹಳೆಯ ಬಣ್ಣ ಕೆರೆಯುವ ಕೆಲಸ ಸರಳಾಳದು. ಮೇಲಿನ ಎರಡು ಪದರ ಹೋದ ಮೇಲೆ, ಬದಿಯ ತಗಡಿನಲ್ಲಿ ತಲೆಕೆಳಗಾದ ಒಂದು ಕೆಂಪು ತ್ರಿಕೋನ ಕಾಣಿಸಿಕೊಂಡಿತು. ಕುಟುಂಬ ಯೋಜನೆಯ ಗುರುತು ಅದು. ಆಗ ಎಲ್ಲ ಗೋಡೆಗಳ ಮೇಲೂ ಇರುತ್ತಿತ್ತು. “ಇದು ಆಪರೇಷನ್ ಜೀಪು ಕಣ್ರೀ,” ಎಂದಳು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಗಂಡಸರನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳಿಗೆ ಸಾಗಿಸುತ್ತಿದ್ದ ಜೀಪುಗಳ ಮಾತು ಇಬ್ಬರಿಗೂ ಗೊತ್ತಿತ್ತು. ನಾನು ನಕ್ಕೆ. “ಇನ್ನು ಮೇಲೆ ಕರು ಹುಟ್ಟಿಸೋ ಜೀಪು,” ಎಂದೆ. ಅವಳು ನಗಲಿಲ್ಲ. “ಬೇರೆ ಬಣ್ಣ ಹೊಡೀರಿ,” ಎಂದಳು ಅಷ್ಟೇ.

ನನಗೆ ಆಗಲೇ ಹುಚ್ಚು ಹಿಡಿದಿತ್ತು. ಮೊದಲು ಹೇಗಿತ್ತೋ ಹಾಗೆಯೇ ಮಾಡಬೇಕು ಎಂಬ ಹುಚ್ಚು. ತ್ರಿಕೋನವನ್ನು ಉಜ್ಜಿ ತೆಗೆದೆ, ಆದರೆ ಅದರ ಸುತ್ತಲಿನ ತಿಳಿ ನೀಲಿಯನ್ನೇ ಹುಡುಕಿ, ಡಬ್ಬಿಯ ಮೇಲೆ ಡಬ್ಬಿ ಕಲಸಿ, ಅದೇ ಬಣ್ಣ ಬರುವ ತನಕ ಬಿಡಲಿಲ್ಲ. ಬಾನೆಟ್ಟಿನ ಕೆಳಗೆ ಎರಡು ಸ್ವರದ ಹಾರ್ನ್ ಒಂದು ತಂತಿ ಕಿತ್ತು ನೇತಾಡುತ್ತಿತ್ತು. ಖಲೀಲ್ ಸಾಬರು ಅದನ್ನು ತೆಗೆದುಹಾಕಿ ಸಾದಾ ಹಾರ್ನ್ ಹಾಕೋಣವೆಂದರು. ನಾನು ಒಪ್ಪದೆ, ಅದನ್ನೇ ಬಿಚ್ಚಿ, ತೊಳೆದು, ಕೂಗುವಂತೆ ಮಾಡಿದೆ. ಕೂಗಿತು ನೋಡಿ, ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ನನಗೆ ಎದೆಯುಬ್ಬಿತ್ತು.

ಜೀಪು ಸಿದ್ಧವಾದ ವಾರವೇ, ಒಂದು ಬೆಳಿಗ್ಗೆ, ನರಸಿಂಹಪ್ಪ ಎಂಬ ರೈತರು ಆಸ್ಪತ್ರೆಗೆ ಬಂದರು. ಅವರ ಹಳ್ಳಿಯ ಹೆಸರು ಬರೆಯುವುದಿಲ್ಲ. ಅವರ ಹೆಸರೂ ಇದಲ್ಲ. ಸೀಮೆ ಹಸು, ಮೊದಲ ಸೂಲು, ಬೆಳಕು ಹರಿಯುವ ಮುಂಚಿನಿಂದ ಹೆರಲು ತಿಣುಕಿ ಮುಕ್ಕುತ್ತಿದೆ, ಒಂದು ಕಾಲು ಮಾತ್ರ ಹೊರಗೆ ಬಂದಿದೆ ಎಂದರು. ಹಾಲಿನ ವ್ಯಾನಿನಲ್ಲಿ ಬಂದಿದ್ದರು, ವ್ಯಾನು ಹೊರಡುವುದರಲ್ಲಿತ್ತು. “ನೀವು ಅದರಲ್ಲೇ ಹೋಗಿ, ನಾನು ಹಿಂದೇನೇ ಬರ್ತೀನಿ,” ಎಂದೆ. ಮೊಪೆಡ್ ಆಸ್ಪತ್ರೆಯ ಬಾಗಿಲಲ್ಲೇ ನಿಂತಿತ್ತು. ಅದನ್ನು ಹತ್ತಿದ್ದರೆ ಹೆಚ್ಚುಕಡಿಮೆ ವ್ಯಾನಿನ ಜೊತೆಗೇ ತಲುಪುತ್ತಿದ್ದೆ. ಹತ್ತಲಿಲ್ಲ. ಮನೆಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೀಪು ತೆಗೆದೆ. ಹಸುವಿನ ಹೆರಿಗೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟ ಪಶುವೈದ್ಯ ನಾನೊಬ್ಬನೇ ಇರಬೇಕು.

ಜೀಪು ಹಳ್ಳವನ್ನು ನೀರು ಕುಡಿದಷ್ಟು ಸುಲಭವಾಗಿ ದಾಟಿತು. ಊರ ಮುಂದಿನ ಕೆರೆ ಏರಿ ಹತ್ತಿದಾಗ ಕೆಳಗೆ ಊರು ಪೂರ್ತಿ ಕಾಣುತ್ತಿತ್ತು. ಡಾಕ್ಟರು ಬಂದರೆಂದು ತಿಳಿದು ಹಸುವನ್ನು ಬೆಳಕಿಗೆ ಕಟ್ಟಿ, ಬಿಸಿನೀರಿಟ್ಟು, ಜನ ಸೇರಿಸಲಿ ಎಂದು ಅಲ್ಲಿಂದಲೇ ಹಾರ್ನ್ ಹೊಡೆದೆ. ಒಂದು ಸಲ ಸಾಕಾಗಿತ್ತು. ಮೂರು ಸಲ ಹೊಡೆದೆ. ಊರೊಳಗಿಂದ ಹೆಂಗಸಿನ ದನಿಯೊಂದು ತೆಲುಗಿನಲ್ಲಿ, “ಜೀಪು ವಚ್ಚಿಂದಿ, ಜೀಪು” ಎಂದು ಕೂಗಿದ್ದು ಕೇಳಿಸಿತು. ಜೀಪು ಬಂತು ಎಂದು ನಾನು ಬಂದದ್ದನ್ನು ಸಾರುತ್ತಿದ್ದಾರೆ ಎಂದುಕೊಂಡೆ. ಊರಿನ ಹಿಂಬದಿಯ ಜೋಳದ ಹೊಲದಲ್ಲಿ ಅಲ್ಲಲ್ಲಿ ತೆನೆಗಳು ಅಲುಗಾಡಿದವು. ಗಾಳಿ ಇರಲಿಲ್ಲ. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

ಬೀದಿಯಲ್ಲಿ ಗಂಡಸರೇ ಇರಲಿಲ್ಲ. ಅರಳಿಕಟ್ಟೆಯ ಮೇಲೆ ಯಾರದೋ ಟವೆಲ್, ಅರ್ಧ ಸೇದಿ ಬಿಟ್ಟ ಬೀಡಿ ಇನ್ನೂ ಹೊಗೆಯಾಡುತ್ತಿತ್ತು. ನರಸಿಂಹಪ್ಪನವರ ಮನೆಯ ಮುಂದಿನ ಕೊಟ್ಟಿಗೆಯಲ್ಲಿ ಅವರ ಹೆಂಡತಿ ಗಂಗಮ್ಮ ಹಸುವಿನ ತಲೆ ಹಿಡಿದು ಕೂತಿದ್ದರು. ಅಂಗಿ ಬಿಚ್ಚಿ, ತೋಳಿಗೆ ಸೋಪು ಹಚ್ಚಿ ಪರೀಕ್ಷಿಸಿದೆ. ಕರುವಿನ ಒಂದು ಮುಂಗಾಲು ಒಳಗೆ ಮಡಚಿಕೊಂಡಿತ್ತು, ಕತ್ತು ಹಿಂದಕ್ಕೆ ತಿರುಗಿತ್ತು. ಬಾಯಿಗೆ ಬೆರಳಿಟ್ಟೆ, ಚೀಪಿತು. ಜೀವವಿತ್ತು. ಇಂಥ ಸ್ಥಿತಿಯಲ್ಲಿ ಕರುವನ್ನು ಮೊದಲು ಒಳಕ್ಕೆ ತಳ್ಳಿ, ಕಾಲು ಕತ್ತು ಸರಿಪಡಿಸಿ, ಹಗ್ಗ ಹಾಕಿ, ಹಸು ಮುಕ್ಕಿದಾಗಲೆಲ್ಲ ಹೊರಗಿನಿಂದ ಎಳೆಯಬೇಕು. ಕತ್ತನ್ನು ನಾನೊಬ್ಬನೇ ತಿರುಗಿಸಬಲ್ಲೆ. ಎಳೆಯುವುದಕ್ಕೆ ಬಲವಾದ ಕೈಗಳು ಬೇಕು, ತಡವಾದರೆ ಕರು ಉಸಿರುಕಟ್ಟುತ್ತದೆ.

“ಯಜಮಾನ್ರೆಲ್ಲಮ್ಮಾ? ಗಂಡಸರನ್ನ ಕರೀರಿ, ಬೇಗ,” ಎಂದೆ.

“ಇಲ್ಲೇ ಇದ್ರು ಸ್ವಾಮಿ, ಈಗ.” ಅವರು ತಲೆಯೆತ್ತಲಿಲ್ಲ.

“ಈಗ ಇದ್ದೋರು ಎಲ್ಲಿ ಹೋದ್ರು? ಡಾಕ್ಟರನ್ನ ಕರೆಸಿ ತಾವು ನಾಪತ್ತೆ. ಏನು ಜನರಪ್ಪ ನೀವು?” ಸಿಟ್ಟು ಬಂದು ಗದರಿದೆ. ಈ ಮಾತನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಗಂಗಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಯಾರೂ ಇಲ್ಲ ಸ್ವಾಮಿ. ಹಾರ್ನ್ ಕೇಳಿ ಹೋದ್ರು. ನಾನೇ ಎಳೀತೀನಿ, ಹೆಂಗೆ ಅಂತ ಹೇಳಿ.” ಪಕ್ಕದ ಮನೆಗಳಿಂದ ಇನ್ನೂ ಮೂವರು ಹೆಂಗಸರು ಬಂದರು. ಅವರಲ್ಲಿ ಒಬ್ಬರು ಹಲ್ಲಿಲ್ಲದ ಅಜ್ಜಿ. ಹಾರ್ನ್ ಎಂಬ ಮಾತು ನನ್ನ ಕಿವಿಗೆ ಬಿತ್ತು, ಆದರೆ ಅರ್ಥ ಮಾಡಿಕೊಳ್ಳಲು ಪುರಸೊತ್ತಿರಲಿಲ್ಲ.

ಕರುವನ್ನು ಒಳಕ್ಕೆ ತಳ್ಳಿ, ಕತ್ತು ಸಿಗುವ ತನಕ ಕಾಯಬೇಕಾಗುತ್ತದೆ. ಹಸು ಮುಕ್ಕಿದಾಗ ತೋಳು ನಜ್ಜುಗುಜ್ಜಾಗುತ್ತದೆ, ಮುಕ್ಕುವುದು ನಿಂತಾಗ ಮತ್ತೆ ಪ್ರಯತ್ನ. ಈ ನಡುವೆ ಮನೆಯವರ ಗಾಬರಿ ಕಡಿಮೆಯಾಗಲೆಂದು ಏನಾದರೂ ಮಾತಾಡಿಸುವುದು ನಮ್ಮ ಪದ್ಧತಿ. ಹಿರಿಯರು ನನಗೆ ಹೇಳಿಕೊಟ್ಟಿದ್ದೂ ಹಾಗೆಯೇ. ಗದರಿದ್ದಕ್ಕೆ ಸ್ವಲ್ಪ ಸಮಾಧಾನವೂ ಆಗಲಿ ಎಂದು ಕೇಳಿದೆ: “ನಿಮಗೆಷ್ಟು ಜನ ಮಕ್ಕಳಮ್ಮ?”

ಹೆಂಗಸರೆಲ್ಲ ಗಂಗಮ್ಮನ ಕಡೆ ನೋಡಿದರು.

“ಇಲ್ಲ ಸ್ವಾಮಿ,” ಎಂದರು ಗಂಗಮ್ಮ.

ಉಳಿದದ್ದನ್ನು ಹೇಳಿದ್ದು ಅಜ್ಜಿ, ಹಗ್ಗಕ್ಕೆ ಎಣ್ಣೆ ಸವರುತ್ತ. “ಮದುವೆಯಾಗಿ ವರ್ಷ ತುಂಬಿರ್ಲಿಲ್ಲಪ್ಪ. ಆಗ ಬಂದು ಗಂಡಸರನ್ನ ತುಂಬ್ಕೊಂಡು ಹೋದ್ರು. ಮಕ್ಕಳಾಗಿಲ್ಲ ಅಂತ ನರಸಿಂಹ ಎಷ್ಟು ಹೇಳಿದ್ನೋ, ಯಾರು ಕೇಳಿದ್ರು? ನೀಲಿ ಜೀಪು. ಏರಿ ಮೇಲೆ ಹಿಂಗೇ ಕೂಗಿಸ್ಕೊಂಡು ಬರ್ತಿದ್ರು.” ನಿಂತು ಬಾಗಿಲಾಚೆಯ ಜೀಪನ್ನು ನೋಡಿದರು. “ಇದೇ ಇರ್ಬೇಕು.”

ನನ್ನ ಕೈ ಹಸುವಿನೊಳಗಿತ್ತು. ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ. ಹಸುವಿನ ಬೆನ್ನಿಗೆ ಕೆನ್ನೆಯೊತ್ತಿ ಆ ಕಡೆ ತಿರುಗಿದೆ.

“ಅದೆಲ್ಲ ಮುಗೀತು ಅಂತ ತಲೆಗೆ ಗೊತ್ತು ಸ್ವಾಮಿ,” ಎಂದರು ಗಂಗಮ್ಮ, ಗಂಡನ ಪರವಾಗಿ ನನ್ನ ಕ್ಷಮೆ ಕೇಳುವ ದನಿಯಲ್ಲಿ. “ಕಾಲು ಕೇಳಬೇಕಲ್ಲ. ತಪ್ಪು ತಿಳೀಬೇಡಿ.”

ಅಷ್ಟರಲ್ಲಿ ಕರುವಿನ ಕೆಳದವಡೆ ಬೆರಳಿಗೆ ಸಿಕ್ಕಿತು. ಕತ್ತು ತಿರುಗಿತು, ಮಡಚಿದ ಕಾಲೂ ನೇರವಾಯಿತು. ಹಗ್ಗ ಹಾಕಿ ಕೊಟ್ಟೆ. ಗಂಗಮ್ಮ ಮುಂದೆ, ಉಳಿದವರು ಹಿಂದೆ. ಹಸು ಮುಕ್ಕಿದಾಗ ಎಳೆಯಿರಿ, ನಿಂತಾಗ ನಿಲ್ಲಿಸಿ ಎಂದು ಒಮ್ಮೆ ಹೇಳಿದ್ದು ಸಾಕಾಯಿತು, ಮತ್ತೆ ಹೇಳಬೇಕಾಗಲಿಲ್ಲ. ಹೆತ್ತವರಿಗೆ ಅದು ಗೊತ್ತಿತ್ತು. ಹೆರದಿದ್ದ ಗಂಗಮ್ಮ ಅವರ ಉಸಿರು ನೋಡಿಕೊಂಡು ಎಳೆದರು. ಅಂಗೈ ಸುಲಿದು ಹಗ್ಗಕ್ಕೆ ರಕ್ತ ಹತ್ತಿದ್ದನ್ನು ಆಮೇಲೆ ನೋಡಿದೆ. ಕರು ಜಾರಿ ಹೊರಬಿತ್ತು, ಉಸಿರಾಡಲಿಲ್ಲ. ಮೂಗಿನ ಲೋಳೆ ತೆಗೆದು, ಹಿಂಗಾಲು ಹಿಡಿದು ತಲೆಕೆಳಗು ಮಾಡಿ, ಹುಲ್ಲಿನಿಂದ ಎದೆ ಉಜ್ಜಿದೆವು. ಕೊನೆಗೊಮ್ಮೆ ಸೀನಿತು. ಹೆಣ್ಣುಗರು. ಗಂಗಮ್ಮ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ಸೆರಗಿನಿಂದ ಒರೆಸತೊಡಗಿದರು. ಅವರಿಗೆ ನಮ್ಮ ಯಾರ ಮೇಲೂ ಗಮನವಿರಲಿಲ್ಲ.

ನರಸಿಂಹಪ್ಪ ಬಂದದ್ದು ಆಗ. ಪಂಚೆಯ ತುಂಬ ಹೊಲದ ಅಂಟುಪುರಲೆ ಮುಳ್ಳು. ಹೆಂಡತಿಯ ಮುಖ ನೋಡಲಿಲ್ಲ, ಕರುವನ್ನೂ ದೂರದಿಂದಲೇ ನೋಡಿದರು. ಒಳಗಿಂದ ಚೊಂಬು ತಂದು ನನ್ನ ತೋಳಿಗೆ ನೀರು ಹೊಯ್ದರು. ನಾನು ಅವರ ಮುಖ ನೋಡಲಿಲ್ಲ, ಅವರು ನನ್ನ ಮುಖ ನೋಡಲಿಲ್ಲ. ನಾವಿಬ್ಬರು ಗಂಡಸರು ತಲೆತಗ್ಗಿಸಿಕೊಂಡು ಒಂದು ಚೊಂಬು ನೀರನ್ನು ಎಷ್ಟು ಹೊತ್ತು ಖರ್ಚು ಮಾಡಬಹುದೋ ಅಷ್ಟು ಹೊತ್ತು ಮಾಡಿದೆವು.

ಏನಾದರೂ ಹೇಳಬೇಕಿತ್ತು. “ಜೀಪು ಹರಾಜಲ್ಲಿ ತಗೊಂಡಿದ್ದು ನರಸಿಂಹಪ್ಪ. ನಾನೇ ರಿಪೇರಿ ಮಾಡಿದ್ದು. ನಂಗೆ...” ಎಂದು ಶುರು ಮಾಡಿ, ಅಲ್ಲೇ ನಿಲ್ಲಿಸಿದೆ. ‘ಗೊತ್ತಿರಲಿಲ್ಲ’ ಎನ್ನುವ ಹಾಗಿರಲಿಲ್ಲ. ಗೊತ್ತಿತ್ತು. ತ್ರಿಕೋನ ಕಂಡ ದಿನ ಹಿತ್ತಲಲ್ಲಿ ನಿಂತು ನಕ್ಕಿದ್ದೆ.

ಅವರು ಚೊಂಬು ಕೆಳಗಿಟ್ಟು ಜೀಪಿನ ಹತ್ತಿರ ಹೋದರು. ಹುಡ್ ಮುಟ್ಟಿ ನೋಡಿದರು. ಬಗ್ಗಿ, ಹಿಂದಿನ ಬೆಂಚಿನ ಮೇಲೆ ಕೈಯಾಡಿಸಿ, ಹೊಸ ತಳವನ್ನು ಬೆರಳಿನಿಂದ ತಟ್ಟಿದರು. ನನಗೆ ಬೇಜಾರಾಗಬಾರದೆಂದು, ಮನಸ್ಸಿನಿಂದಲೇ ಹೇಳಿದರು:

“ಅವತ್ತು ಇಷ್ಟು ಚೆನ್ನಾಗಿರ್ಲಿಲ್ಲ ಸ್ವಾಮಿ. ಒಳ್ಳೆ ಕೆಲಸ ಮಾಡಿಸಿದ್ದೀರ.”

ಆ ಜೀಪಿಗಾಗಿ ನಾನು ಕಾದಿದ್ದ ಮೆಚ್ಚುಗೆ ಸಿಕ್ಕಿತು. ಅದಕ್ಕಿಂತ ದೊಡ್ಡ ಅವಮಾನ ನನಗೆ ಇವತ್ತಿನ ತನಕ ಆಗಿಲ್ಲ. ಅವರು ಅವಮಾನ ಮಾಡಲು ಹೇಳಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು.

ಆ ಬೀದಿಯಲ್ಲಿ ಎಂಜಿನ್ ಚಾಲೂ ಮಾಡಲು ನನ್ನ ಕೈ ಬರಲಿಲ್ಲ. ಏರಿಯ ಎದುರು ದಿಕ್ಕಿಗೆ ಬೀದಿ ಊರಾಚೆಗೆ ಇಳಿಜಾರಾಗಿತ್ತು. ಬ್ರೇಕ್ ಸಡಿಲಿಸಿ, ಜೀಪನ್ನು ಸದ್ದಿಲ್ಲದೆ ಉರುಳಲು ಬಿಟ್ಟು, ಮನೆಗಳೆಲ್ಲ ಮುಗಿದ ಮೇಲೆ ಶುರು ಮಾಡಿದೆ. ಸಂಜೆ ಸರಳಾ, “ಹೆಂಗೆ ಓಡ್ತು?” ಎಂದು ಕೇಳಿದಳು. “ಚೆನ್ನಾಗೇ ಓಡ್ತು,” ಎಂದು ಬಚ್ಚಲಿಗೆ ಹೋದೆ. ರಾತ್ರಿಯ ಊಟದ ಹೊತ್ತಿಗೆ ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಆ ವಾರವೇ ಹಾರ್ನ್ ಬಿಚ್ಚಿದೆ, ಜೀಪಿಗೆ ಹಸಿರು ಬಳಿದೆ. ಬಳಿಯುವಾಗಲೂ ಗೊತ್ತಿತ್ತು, ಇದು ನನ್ನ ಸಮಾಧಾನಕ್ಕೆ ಮಾತ್ರ.

ನಮ್ಮ ವೃತ್ತಿಯಲ್ಲಿ ಪ್ರಾಣಿಯನ್ನು ಹೇಗೆ ಸಮೀಪಿಸಬೇಕೆಂದು ಮೊದಲ ವರ್ಷವೇ ಕಲಿಸುತ್ತಾರೆ: ಎದುರಿನಿಂದ, ನಿಧಾನವಾಗಿ, ದನಿ ತಗ್ಗಿಸಿ, ಅದಕ್ಕೆ ಮೊದಲು ಯಾರು ನೋವು ಕೊಟ್ಟಿದ್ದಾರೋ ನಮಗೆ ಗೊತ್ತಿಲ್ಲ ಎಂದುಕೊಂಡು. ಮನುಷ್ಯರ ಊರಿಗೆ ಹೇಗೆ ಹೋಗಬೇಕೆಂದು ಯಾರೂ ಕಲಿಸಲಿಲ್ಲ. ಅದನ್ನು ಗಂಗಮ್ಮನವರ ಕೊಟ್ಟಿಗೆಯಲ್ಲಿ ಕಲಿತೆ. ಆಮೇಲೆ ಚಿಂತಾಮಣಿಯಲ್ಲಿ, ಶಿಡ್ಲಘಟ್ಟದಲ್ಲಿ, ನಿವೃತ್ತಿಯ ತನಕ ಎಲ್ಲಿ ಕೆಲಸ ಮಾಡಿದರೂ, ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ಬ್ಯಾಗು ಹಿಡಿದು ನಡೆದೇ ಒಳಗೆ ಹೋದೆ. ಜೊತೆಗಿರುತ್ತಿದ್ದ ಹೊಸ ಡಾಕ್ಟರುಗಳು ಬಿಸಿಲಿಗೆ ಬೆವರು ಒರೆಸಿಕೊಳ್ಳುತ್ತ, ಮನೆ ಬಾಗಿಲ ತನಕ ಗಾಡಿ ಹೋಗುತ್ತಲ್ಲ ಸಾರ್, ನಡೆಯೋದು ಯಾಕೆ ಎಂದು ಕೇಳುತ್ತಿದ್ದರು. ನಿಜ ಹೇಳಲು ನನಗೆ ಕೊನೆಯವರೆಗೂ ಧೈರ್ಯ ಬರಲಿಲ್ಲ.

“ದನ ಬೆದರ್ತವೆ ಕಣ್ರಪ್ಪ,” ಎನ್ನುತ್ತಿದ್ದೆ.